ಮುಸ್ಸಂಜೆಯ ಕ್ಲೋರಿನ್, ಮುಸ್ಸಂಜೆಯ ಕಪ್ಪೆ

ಆರಿದ್ರೆ ಮಳೆ ಹಿಡಿದ ಮೇಲೆ ಪಶ್ಚಿಮ ಘಟ್ಟದ ದೋಣಿಗಲ್ ಸುತ್ತಿನ ಹೋಂಸ್ಟೇಗಳ ಈಜುಕೊಳವನ್ನು ದಿನಾ ನೋಡುತ್ತಿದ್ದರೆ ನೀರು ಕೆಡುವ ಕ್ರಮ ಗೊತ್ತಾಗುತ್ತದೆ. ಮೊದಲು ತಳದ ಟೈಲ್ಸಿನ ಗೆರೆ ಮಸುಕಾಗುತ್ತದೆ. ಆಮೇಲೆ ಮೆಟ್ಟಿಲ ಸಂದಿಯಲ್ಲಿ, ಪಂಪಿನ ಸೆಳೆತ ತಲುಪದ ಮೂಲೆಯಲ್ಲಿ, ಕಾಲಿಗೆ ಲೋಳೆ ತಾಗುತ್ತದೆ. ಹಸಿರು ಕಣ್ಣಿಗೆ ಬೀಳುವ ಹೊತ್ತಿಗೆ ಪಾಚಿ ಕೊಳವನ್ನೆಲ್ಲ ಹಿಡಿದಿರುತ್ತದೆ. ಮಳೆನೀರು ಕ್ಲೋರಿನ್ನನ್ನು ತೆಳುಮಾಡುತ್ತದೆ, ಸಿಲ್ವರ್ ಓಕ್ ಎಲೆ ಮತ್ತು ಕೆಸರು ಉಳಿದದ್ದನ್ನು ಮುಗಿಸುತ್ತವೆ. ಕಾಫಿ ತೋಟದಿಂದ ಹರಿದು ಬಂದ ಗೊಬ್ಬರದ ಸಾರ ಪಾಚಿಗೆ ಊಟ.

ಕೊಳದ ಹತ್ತಿರ ಮೂಗಿಗೆ ಘಾಟು ಬಡಿದರೆ 'ಕ್ಲೋರಿನ್ ಜಾಸ್ತಿಯಾಗಿದೆ' ಅನ್ನುವವರೇ ಹೆಚ್ಚು. ಸಾಮಾನ್ಯವಾಗಿ ಆಗಿರುವುದು ಇದರ ತಿರುಗುಮುರುಗು. ಬೆವರು, ಮೂತ್ರದ ಸಾರಜನಕದ ಜೊತೆ ಸೇರಿ ಕ್ಲೋರಮೈನ್ ಆದ ಕ್ಲೋರಿನ್ನಿನ ವಾಸನೆ ಅದು. ಕೆಲಸ ಮಾಡುವ ಮುಕ್ತ ಕ್ಲೋರಿನ್ ಕಡಿಮೆಯಾಗಿದೆ ಎಂಬ ಸೂಚನೆ. ಟೆಸ್ಟ್ ಕಿಟ್‌ನಲ್ಲಿ ಒಟ್ಟು ಕ್ಲೋರಿನ್ನಿನಿಂದ ಮುಕ್ತ ಕ್ಲೋರಿನ್ ಕಳೆದು, ಉಳಿದದ್ದು ಲೀಟರಿಗೆ 0.5 ಮಿಲಿಗ್ರಾಂ ದಾಟಿದರೆ ಶಾಕ್ ಕೊಡಬೇಕು, ಅಂದರೆ ಒಮ್ಮೆಲೇ ಹೆಚ್ಚು ಕ್ಲೋರಿನ್ ಹಾಕಬೇಕು. ಕಳೆದು ಬಂದ ಅಂಕಿಯ ಹತ್ತು ಪಟ್ಟು ಪ್ರಮಾಣ. ಆ ಅಂಕಿ 1 ಇದ್ದರೆ, 50,000 ಲೀಟರಿನ ಕೊಳಕ್ಕೆ ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 770 ಗ್ರಾಂ ಬೇಕು. ಅದಕ್ಕೆ ಮೊದಲು ಪಿಎಚ್ ನೋಡಿ. 7.2ರಲ್ಲಿ ಕ್ಲೋರಿನ್ನಿನ ಮೂರರಲ್ಲಿ ಎರಡು ಪಾಲು ಚುರುಕಾಗಿರುತ್ತದೆ, 8ಕ್ಕೆ ಏರಿದರೆ ನಾಲ್ಕರಲ್ಲಿ ಒಂದೇ ಪಾಲು. ಪುಡಿಯನ್ನು ಬಕೆಟ್ ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಟ್ರೈಕ್ಲೋರ್ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಮಾತ್ರೆಯ ಜೊತೆ ಬೆರೆಸಿದರೆ ಬೆಂಕಿಯೇ ಏಳಬಹುದು.

ಬಿಸಿಲು ಕ್ಲೋರಿನ್ನನ್ನು ಒಡೆಯುತ್ತದೆ. ಹಾಗಾಗಿ ಶಾಕ್ ಕೊಡುವ ಹೊತ್ತು ಮುಸ್ಸಂಜೆ; ರಾತ್ರಿಯಿಡೀ ಪಂಪು ಓಡಬೇಕು. ನನ್ನನ್ನು ಕಾಡುವುದು ಇದೇ. ಮಳೆಗಾಲದ ಮುಸ್ಸಂಜೆ ಕಪ್ಪೆಗಳ ಹೊತ್ತು ಕೂಡ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮಲಬಾರ್ ಹಾರುಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಆ ನೀರು ಕೆರೆಯದೋ ಈಜುಕೊಳದ್ದೋ ಕಪ್ಪೆಗೆ ತಿಳಿಯದು. ಚರ್ಮದಿಂದಲೂ ಉಸಿರಾಡುವ ಪ್ರಾಣಿಗೆ ಶಾಕ್ ಕೊಟ್ಟ ನೀರು ವಿಷ. ನುಣುಪು ಗೋಡೆಯ ಕೊಳಕ್ಕೆ ಬಿದ್ದ ನೆಲಗಪ್ಪೆಗೆ ಹತ್ತಿ ಹೊರಬರುವ ದಾರಿಯೂ ಇಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಕೊಳದ ಮೇಲೆ ಚಾಚಿದ ಕೊಂಬೆಗಳನ್ನು ಮಳೆಗೆ ಮುಂಚೆಯೇ ಸವರಬೇಕು. ಗೂಡು ಕಟ್ಟಿದ ಮೇಲೆ ಬೇಡ. ಶಾಕ್ ಕೊಡುವ ಮುನ್ನ ಬಲೆ ಆಡಿಸಿ ಸಿಕ್ಕಿದ್ದನ್ನೆಲ್ಲ ತೋಟದ ಕೆರೆಗೆ ಬಿಡಬೇಕು. ಆ ರಾತ್ರಿ ಕೊಳದ ದೀಪ ಬೇಡ. ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ ಬರುತ್ತದೆ. ನೀರಿನಿಂದ ಅಂಚಿಗೆ ಒರಟು ಹಲಗೆಯೊಂದನ್ನು ಓರೆಯಾಗಿ ಇಡಿ. ಬೆಳಿಗ್ಗೆ ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಂಗೆ ಇಳಿಯದೆ ಮಕ್ಕಳನ್ನೂ ಇಳಿಸಬೇಡಿ.

ಕೊಳದಿಂದ ಹೊರಬಿಟ್ಟ ನೀರು ಕೊನೆಗೆ ಹೊಳೆ ಸೇರುತ್ತದೆ. ಇಲ್ಲಿಯ ಬೆಟ್ಟದ ಏಣಿನ ಮೂಡಲ ನೀರು ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಪಡುವಣ ನೀರು ಕೆಂಪುಹೊಳೆ, ಕುಮಾರಧಾರೆ ಸೇರಿ ನೇತ್ರಾವತಿಗೆ. ಲೀಟರಿಗೆ 0.02 ಮಿಲಿಗ್ರಾಂನಷ್ಟು ಕ್ಲೋರಿನ್ ಕೂಡ ಸೂಕ್ಷ್ಮ ಜಲಚರಗಳಿಗೆ ಅಪಾಯ. ಹೋಂಸ್ಟೇ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಫಿಲ್ಟರ್ ತೊಳೆದ ನೀರನ್ನು ನೇರ ಹಳ್ಳಕ್ಕೆ ಬಿಡಬೇಡಿ. ತೆರೆದ ಗುಂಡಿಯಲ್ಲಿ ನಿಲ್ಲಿಸಿ, ಕ್ಲೋರಿನ್ ಸೊನ್ನೆಯಾದದ್ದನ್ನು ಕಿಟ್‌ನಲ್ಲಿ ನೋಡಿಕೊಂಡು, ನೆಲಕ್ಕೆ ಇಂಗಿಸಿ.