ಆಯುಧಪೂಜೆಗೆ ಬಣ್ಣ ಬಳಿದೆ, ಟ್ರೇಲರ್ ದೀಪ ಆರಿತು

ನ್ಯಾಮತಿ ಕಡೆಯಿಂದ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಹೊರಟಿದ್ದ ರಾತ್ರಿ ಅದು. ಹೊನ್ನಾಳಿಯ ತುಂಗಭದ್ರಾ ಸೇತುವೆ ದಾಟಿ ಸ್ವಲ್ಪ ದೂರ ಹೋಗಿದ್ವಿ. ರಸ್ತೆಯ ಅರ್ಧಕ್ಕೆ ಯಾರೋ ಜೋಳ ಒಣಹಾಕಿ, ಸುತ್ತ ಕಲ್ಲಿಟ್ಟು ಹೋಗಿದ್ರು. ನಾನು ಬ್ರೇಕ್ ಹಿಡಿದೆ. ಹಿಂದಿನಿಂದ 'ಧಡ್' ಅಂತ ಸದ್ದು ಬಂತು.

ಇಳಿದು ನೋಡಿದರೆ ಒಂದು ಬೈಕು ಟ್ರೇಲರ್ ಚಕ್ರದ ಪಕ್ಕ ಬಿದ್ದಿತ್ತು. ಹುಡುಗನ ಬಲಗಾಲು ಮುರಿದಿತ್ತು, ಜೀವಕ್ಕೇನೂ ಆಗಲಿಲ್ಲ. ಆಂಬುಲೆನ್ಸ್ ಬರೋವರೆಗೂ ಅವನು ಹೇಳ್ತಾ ಇದ್ದದ್ದು ಒಂದೇ ಮಾತು: "ಮುಂದೆ ಗಾಡಿ ಐತೆ ಅಂತಾನೇ ಗೊತ್ತಾಗ್ಲಿಲ್ಲಣ್ಣ."

ನನಗೆ ಸಿಟ್ಟು ಬಂತು. ಯಾಕೆಂದರೆ ನನ್ನ ಟ್ರೇಲರಿಗೆ ದೀಪ ಇತ್ತು. ಹಿಂದೆ ಎರಡು ಕೆಂಪು ದೀಪ, ಇಂಡಿಕೇಟರ್, ಬ್ರೇಕ್ ಲೈಟ್, ಎಲ್ಲಾ ಇತ್ತು. ಹದಿನೈದು ದಿನದ ಹಿಂದೆ ನಾನೇ ಹಾಕಿ ನೋಡಿದ್ದೆ, ಉರೀತಿದ್ವು. ಅವತ್ತು ಟಾರ್ಚ್ ಹಿಡಿದು ಹಿಂದೆ ಹೋಗಿ ನೋಡಿದಾಗ ಒಂದೂ ಉರೀತಿರಲಿಲ್ಲ. ಫ್ಯೂಸ್ ಹೋಗಿರಲಿಲ್ಲ. ಬಲ್ಬ್ ಸುಟ್ಟಿರಲಿಲ್ಲ. ವೈರು ಎಲ್ಲೂ ಕಿತ್ತಿರಲಿಲ್ಲ.

ಕಾರಣ ಗೊತ್ತಾದದ್ದು ಮಾರನೇ ದಿನ. ನಡುವೆ ಆಯುಧಪೂಜೆ ಬಂದಿತ್ತಲ್ಲ, ಟ್ರೇಲರಿಗೆ ಚೆಂದ ಕಾಣಲಿ ಅಂತ ನಾನೇ ಪೇಂಟ್ ಹೊಡೆದಿದ್ದೆ. ಮೂತಿಯಿಂದ ಹಿಡಿದು ಕೊಂಡಿಯ ಬಳೆಯವರೆಗೂ ದಪ್ಪ ಎರಡು ಕೋಟು. ಆ ಬಣ್ಣವೇ ದೀಪ ಆರಿಸಿತ್ತು.

ಬಣ್ಣಕ್ಕೂ ದೀಪಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಕರೆಂಟು ಬ್ಯಾಟರಿಯಿಂದ ಬಲ್ಬಿಗೆ ಹೋದರಷ್ಟೇ ಸಾಲದು, ಬಲ್ಬಿಂದ ವಾಪಸ್ ಬ್ಯಾಟರಿಗೂ ಬರಬೇಕು. ಟ್ರ್ಯಾಕ್ಟರಿನಲ್ಲಿ ಆ ವಾಪಸ್ ದಾರಿ ಅಂದರೆ ಗಾಡಿಯ ಕಬ್ಬಿಣದ ಮೈಯೇ. ಅದನ್ನೇ ಅರ್ಥಿಂಗ್ ಅನ್ನೋದು. ನಮ್ಮ ಕಡೆ ವೈರಿಂಗ್ ಮಾಡೋ ಬಹಳ ಜನ ಒಂದು ವೈರು ಉಳಿಸಲಿಕ್ಕೆ ಟ್ರೇಲರಿನ ಅರ್ಥಿಂಗನ್ನೂ ಹೀಗೇ ಬಿಟ್ಟಿರುತ್ತಾರೆ. ಟ್ರೇಲರ್ ಮೈಯಿಂದ ಕೊಂಡಿಗೆ, ಕೊಂಡಿಯಿಂದ ಪಿನ್ನಿಗೆ, ಪಿನ್ನಿಂದ ಟ್ರ್ಯಾಕ್ಟರಿಗೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಹೊಳೀತಿದ್ದಷ್ಟು ದಿನ ದೀಪ ಉರಿಯುತ್ತೆ. ನಡುವೆ ತುಕ್ಕು, ಒಣಗಿದ ಕೆಸರು, ಗ್ರೀಸು, ಇಲ್ಲಾ ನನ್ನ ಹಾಗೆ ಪೇಂಟು ಬಂತೋ, ದಾರಿ ಬಂದ್. ಗುಂಡಿ ಹತ್ತಿ ಕುಲುಕಿದಾಗ ಒಮ್ಮೆ ಹತ್ತುತ್ತೆ, ಮತ್ತೆ ಆರುತ್ತೆ. ಡ್ರೈವರ್ ಸೀಟಲ್ಲಿ ಕೂತವನಿಗೆ ಇದು ಯಾವುದೂ ಕಾಣಲ್ಲ. ಅವನಿಗೆ ಮುಂದಿನ ಹೆಡ್‌ಲೈಟ್ ಉರಿಯೋದು ಕಾಣುತ್ತೆ, ಅಷ್ಟೇ.

ಆ ಹುಡುಗನ ಆಸ್ಪತ್ರೆ ಖರ್ಚಲ್ಲಿ ಒಂದು ಪಾಲು ಕೊಟ್ಟು ಬಂದ ಮೇಲೆ ಪೂರ್ತಿ ವೈರಿಂಗ್ ಕಿತ್ತುಹಾಕಿ ಹೊಸದಾಗಿ ಮಾಡಿದೆ. ಹೊನ್ನಾಳಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಕೈಗೆ ಹಿಡಿದದ್ದು ನಾನೇ. ಒಂದು ಮಧ್ಯಾಹ್ನದ ಕೆಲಸ. ಲ್ಯಾಂಪು, ವೈರು, ಪ್ಲಗ್ಗು, ಸಾಕೆಟ್ಟು ಎಲ್ಲಾ ಸೇರಿ ಎರಡು ಸಾವಿರದ ಆಸುಪಾಸು ಆಯ್ತು.

ಟ್ರ್ಯಾಕ್ಟರಿನ ಹಿಂದೆ ದುಂಡನೆಯ, ಮುಚ್ಚಳ ಇರೋ ಏಳು ಪಿನ್ನಿನ ಸಾಕೆಟ್ ಇರುತ್ತೆ, ನೋಡಿರ್ತೀರಿ. ಬಹಳ ಟ್ರ್ಯಾಕ್ಟರಲ್ಲಿ ಅದರ ಮುಚ್ಚಳ ತೆಗೆದೇ ಇರಲ್ಲ! ಒಳಗೆ ಪ್ರತಿ ಪಿನ್ನಿನ ಪಕ್ಕ ಸಣ್ಣದಾಗಿ ನಂಬರ್ ಇರುತ್ತೆ. ಅಂತಾರಾಷ್ಟ್ರೀಯ ಪದ್ಧತಿ ಪ್ರಕಾರ 1ನೇ ಪಿನ್ನು ಎಡ ಇಂಡಿಕೇಟರಿಗೆ, ಹಳದಿ ವೈರು. 2ನೆಯದು ಹಿಂದಿನ ಮಂಜಿನ ದೀಪಕ್ಕೆ, ನೀಲಿ. ನಮ್ಮಲ್ಲಿ ಅದು ಖಾಲಿ ಇರೋದೇ ಹೆಚ್ಚು. 3ನೆಯದು ಅರ್ಥಿಂಗ್, ಬಿಳಿ. 4 ಬಲ ಇಂಡಿಕೇಟರ್, ಹಸಿರು. 5 ಬಲಗಡೆ ಹಿಂದಿನ ಕೆಂಪು ದೀಪ, ಕಂದು. 6 ಬ್ರೇಕ್ ಲೈಟು, ಕೆಂಪು. 7 ಎಡಗಡೆ ಹಿಂದಿನ ದೀಪ, ಕಪ್ಪು. ಇಲ್ಲೊಂದು ಎಚ್ಚರಿಕೆ. ಮನೆ ವೈರಿಂಗ್ ಮಾಡೋರಿಗೆ ಕಪ್ಪು ಅಂದ್ರೆ ನ್ಯೂಟ್ರಲ್ ಅನ್ನೋ ರೂಢಿ. ಇಲ್ಲಿ ಕಪ್ಪು ದೀಪದ ವೈರು, ಬಿಳಿಯೇ ಅರ್ಥಿಂಗ್. ಇದನ್ನ ಅದಲು ಬದಲು ಮಾಡಿದರೆ ಪಾರ್ಕಿಂಗ್ ಲೈಟ್ ಹಾಕಿದ ಕ್ಷಣ ಫ್ಯೂಸ್ ಹಾರುತ್ತೆ.

ಇದು ಪುಸ್ತಕದ ಮಾತು. ನಿಮ್ಮ ಗಾಡಿಯಲ್ಲಿ ಹಿಂದೆ ಯಾರೋ ಕೈ ಹಾಕಿದ್ದರೆ ಬಣ್ಣವನ್ನ ನಂಬಬೇಡಿ. ಮೆಕ್ಯಾನಿಕ್ ಕೈಗೆ ಆವತ್ತು ಯಾವ ವೈರು ಸಿಕ್ಕಿತ್ತೋ ಅದನ್ನೇ ಹಾಕಿರ್ತಾನೆ. ಒಂದು 12 ವೋಲ್ಟ್ ಬಲ್ಬಿಗೆ ಎರಡು ವೈರು ಕಟ್ಟಿ ಟೆಸ್ಟ್ ಲ್ಯಾಂಪ್ ಮಾಡ್ಕೊಳ್ಳಿ. ಒಂದು ತುದಿ ಟ್ರ್ಯಾಕ್ಟರ್ ಮೈಯ ಹೊಳೆಯೋ ಕಬ್ಬಿಣಕ್ಕೆ, ಇನ್ನೊಂದನ್ನ ಒಂದೊಂದೇ ಪಿನ್ನಿಗೆ ಮುಟ್ಟಿಸ್ತಾ ಹೋಗಿ. ಸೀಟಿನ ಮೇಲೆ ಕೂತ ಮಗನಿಗೆ ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಬ್ರೇಕು ಅಂತ ಹೇಳಿಸಿ. ಯಾವುದು ಯಾವುದಕ್ಕೆ ಅಂತ ಹತ್ತು ನಿಮಿಷದಲ್ಲಿ ಸಿಗುತ್ತೆ. ಟ್ರೇಲರ್ ಕಡೆಯ ಪರೀಕ್ಷೆಗೆ ಟ್ರ್ಯಾಕ್ಟರೇ ಬೇಡ. ಒಂದು ಬ್ಯಾಟರಿಯ ನೆಗೆಟಿವ್ ತಂದು ಬಿಳಿ ವೈರಿಗೆ ಕೊಟ್ಟು, ಪಾಸಿಟಿವನ್ನ ಫ್ಯೂಸ್ ಮೂಲಕ ಉಳಿದ ಪಿನ್ನಿಗೆ ಮುಟ್ಟಿಸಿದರೆ ಆಯ್ತು.

ಬಿಳಿ ವೈರಿನ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನನ್ನ ಕಥೆಯೆಲ್ಲಾ ಅಲ್ಲೇ ಇರೋದು. 3ನೇ ಪಿನ್ನಿಂದ ಬಂದ ವೈರನ್ನ ಟ್ರೇಲರ್ ಚಾಸಿಸ್ಸಿಗೆ ಬೋಲ್ಟ್ ಮಾಡಿ ಕೈ ತೊಳೆದುಕೊಳ್ಳೋದು ಬೇಡ. ಹಿಂದಿನ ಎರಡೂ ಲ್ಯಾಂಪಿನವರೆಗೂ ಎಳೆಯಿರಿ. ಒಂದು ಕವಲನ್ನ ಚಾಸಿಸ್ಸಿಗೂ ಕೊಡಿ. ಬೋಲ್ಟ್ ಹಾಕೋ ಜಾಗದ ಪೇಂಟನ್ನ ಉಜ್ಜಿ ಕಬ್ಬಿಣ ಕಾಣಿಸಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಎಲ್ಲಾ ದೀಪದ ಕರೆಂಟೂ ಇದೊಂದರಲ್ಲೇ ವಾಪಸ್ ಬರೋದ್ರಿಂದ ಇದು ದಪ್ಪ ಇರಬೇಕು. ನಾನು 2.5 ಚದರ ಮಿಲಿಮೀಟರ್ ಹಾಕಿದೆ, ಉಳಿದವಕ್ಕೆ 1.5. ರೇಡಿಯೋಗೆ ಹಾಕೋ ಸಣ್ಣ ವೈರು ಹಾಕಿದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ. 21 ವ್ಯಾಟಿನ ಎರಡು ಬ್ರೇಕ್ ಬಲ್ಬಿಗೆ ಮೂರೂವರೆ ಆಂಪಿಯರ್ ಬೇಕು. ಹೋಗಿ ಬರೋ ದಾರಿ 16 ಮೀಟರ್ ಹಿಡೀರಿ. ಅರ್ಧ ಚದರ ಮಿಲಿಮೀಟರ್ ವೈರಲ್ಲಿ ದಾರಿಯಲ್ಲೇ ಎರಡು ವೋಲ್ಟ್ ಸೋರಿಹೋಗುತ್ತೆ. 12ರಲ್ಲಿ ಎರಡು ತಾನೇ ಅಂತ ಬಿಡಬೇಡಿ, ಫಿಲಮೆಂಟ್ ಬಲ್ಬಿನ ಬೆಳಕು ಅಷ್ಟಕ್ಕೇ ಹೆಚ್ಚು ಕಡಿಮೆ ಅರ್ಧ ಆಗುತ್ತೆ. 1.5ರ ವೈರಲ್ಲಿ ಸೋರೋದು ಮುಕ್ಕಾಲು ವೋಲ್ಟಿಗೂ ಕಮ್ಮಿ.

ಅರ್ಥಿಂಗ್ ಕೆಟ್ಟಿರೋದಕ್ಕೆ ಒಂದು ಗುರುತು ಹೇಳ್ತೀನಿ. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂದವಾಗಿ ಮಿನುಗೋದು, ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಕಣ್ಣು ಮಿಟುಕಿಸೋದು, ಇಂಥ ವಿಚಿತ್ರ ಕಂಡರೆ ಬಲ್ಬ್ ಬದಲಿಸೋಕೆ ಹೋಗಬೇಡಿ. ವಾಪಸ್ ಹೋಗಲಿಕ್ಕೆ ದಾರಿ ಸಿಗದ ಕರೆಂಟು ಇನ್ನೊಂದು ಬಲ್ಬಿನೊಳಗೆ ನುಗ್ಗಿ ಹೋಗ್ತಿದೆ ಅಂತ ಅರ್ಥ. ಮಲ್ಟಿಮೀಟರ್ ಇದ್ದರೆ ದೀಪ ಹಾಕಿ, ಒಂದು ಕಡ್ಡಿ ಲ್ಯಾಂಪಿನ ಅರ್ಥಿಂಗಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡೀರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ.

ಜೋಡಣೆಯಲ್ಲಿ ನಮ್ಮವರು ಮಾಡೋ ದೊಡ್ಡ ತಪ್ಪು ವೈರು ತಿರುಚಿ ಟೇಪ್ ಸುತ್ತೋದು. ಬೇಸಿಗೆಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ಮಳೆಗಾಲಕ್ಕೆ ತಾಮ್ರ ಕಿಲುಬುತ್ತೆ. ಲಗ್ ಹಾಕಿ ಒತ್ತಿ, ಮೇಲೆ ಬಿಸಿಗೆ ಕುಗ್ಗೋ ಕೊಳವೆ ಏರಿಸಿ. ಕೇಬಲ್ಲಿಗೆ ಕವಚ ಅಂತ ನಾನು ದುಡ್ಡು ಕೊಟ್ಟು ಏನೂ ತರಲಿಲ್ಲ. ತೋಟದಲ್ಲಿ ಕಿತ್ತು ಬಿಸಾಕಿದ್ದ 16 ಎಂಎಂ ಡ್ರಿಪ್ ಪೈಪನ್ನ ಉದ್ದಕ್ಕೆ ಸೀಳಿ ಒಳಗೆ ಕೂರಿಸಿದೆ. ಚಾಸಿಸ್ಸಿನ ಒಳಮೈಗೆ ಮೊಳಕ್ಕೊಂದು ಟ್ಯಾಗ್ ಕಟ್ಟಿದೆ. ಕೇಬಲ್ ಚಾಸಿಸ್ಸಿನ ಮೇಲೇ ಹೋಗಬೇಕು, ಎತ್ತಿ ಸುರಿಯೋ ತೊಟ್ಟಿಯ ಮೇಲಾಗಲೀ ಬಿಚ್ಚಿ ಇಳಿಸೋ ಹಿಂಬಾಗಿಲ ಮೇಲಾಗಲೀ ಅಲ್ಲ. ಕೊಂಡಿ ಹತ್ತಿರ ಕೇಬಲ್ ಎಷ್ಟು ಸಡಿಲ ಬಿಡಬೇಕು ಅಂತ ಅಳತೆ ಕೇಳಬೇಡಿ. ಟ್ರ್ಯಾಕ್ಟರನ್ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬಿಗಿಯಬಾರದು, ನೆಲಕ್ಕೂ ತಾಗಬಾರದು.

ಫ್ಯೂಸ್ ಬಗ್ಗೆ ಒಂದೇ ಮಾತು. ಹೊನ್ನಾಳಿ ಬಯಲಲ್ಲಿ ಭತ್ತದ ಹುಲ್ಲು ಸಾಗಿಸೋ ಟ್ರೇಲರುಗಳನ್ನ ನೋಡ್ತೀನಿ, ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿರುತ್ತಾರೆ. ಒಣ ಹುಲ್ಲಿನ ಕೆಳಗೆ ವೈರು ಕಾಯ್ದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ? ಹುಲ್ಲಿನ ಹೇರಿನದ್ದು ಇನ್ನೊಂದು ತೊಂದರೆ ಐತೆ. ಹುಲ್ಲು ಇಳಿಬಿದ್ದು ಹಿಂದಿನ ದೀಪ ಪೂರ್ತಿ ಮುಚ್ಚುತ್ತೆ. ಉರಿದರೂ ಯಾರಿಗೆ ಕಾಣಬೇಕು? ಅಂಥವರು ಒಂದು ಹಲಗೆಗೆ ಎರಡು ಲ್ಯಾಂಪು, ಎರಡು ರಿಫ್ಲೆಕ್ಟರ್ ಹೊಡೆದು, ಉದ್ದ ಕೇಬಲ್ ಸಮೇತ ಹೇರಿನ ಹೊರಗೆ ಹಗ್ಗದಲ್ಲಿ ಕಟ್ಟಿಕೊಳ್ಳಬೇಕು.

ಚನ್ನಗಿರಿ ಕಡೆ ಅಡಿಕೆ ತೋಟದ ಸಮಸ್ಯೆ ಬೇರೆ. ಅಲ್ಲಿ ಭದ್ರಾ ನಾಲೆ ನೀರು, ವರ್ಷವಿಡೀ ತೇವ. ಸಾಕೆಟ್ಟಿನ ಹಿತ್ತಾಳೆ ಪಿನ್ನು ಹಸಿರು ಕಿಲುಬು ಹಿಡಿಯುತ್ತೆ. ಟ್ರೇಲರ್ ಬಿಚ್ಚಿದಾಗ ಪ್ಲಗ್ಗನ್ನ ಕೆಸರಲ್ಲಿ ಬಿಡದೆ ಬಾಯಿ ಕೆಳಗೆ ಮಾಡಿ ಮೂತಿಗೆ ನೇತುಹಾಕಿ. ಆಗಾಗ ಸಣ್ಣ ಉಪ್ಪುಕಾಗದದಲ್ಲಿ ಪಿನ್ನು ಉಜ್ಜಿ. ತೋಟದೊಳಗೆ ಓಡಾಡೋ ಪವರ್ ಟಿಲ್ಲರ್ ಟ್ರೇಲರಿಗೆ ಎಷ್ಟೋ ಕಡೆ ಬ್ಯಾಟರಿಯೇ ಇರಲ್ಲ. ಆದರೂ ಹಸಿ ಅಡಿಕೆ ತುಂಬಿಕೊಂಡು ಸಂಜೆ ಮುಖ್ಯರಸ್ತೆಗೆ ಬರ್ತಾವೆ. ಅದಕ್ಕೆ ರಿಫ್ಲೆಕ್ಟರ್ ಜೊತೆಗೆ ಚಾರ್ಜ್ ಮಾಡೋ ಕೆಂಪು ದೀಪವೊಂದನ್ನ ಹಿಂದೆ ಸಿಗಿಸಿಕೊಂಡರೂ ನಡೆಯುತ್ತೆ.

ಜಗಳೂರಿನದು ಇದಕ್ಕೆ ಪೂರ್ತಿ ಉಲ್ಟಾ. ಮಳೆ ನಂಬಿದ ಊರು, ಮೆಕ್ಕೆಜೋಳ ಶೇಂಗಾ ಬಂದಾಗ ಮಾತ್ರ ಟ್ರೇಲರಿಗೆ ಬಿಡುವಿಲ್ಲ, ಉಳಿದಂತೆ ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಿರುತ್ತೆ. ವೈರಿನ ಮೇಲಿನ ರಬ್ಬರು ಸಿಡಿದು ಬಿರುಕು ಬಿಡುತ್ತೆ, ಇಲಿ ಕಡಿಯುತ್ತೆ. ನನ್ನ ನೆಂಟರೊಬ್ಬರ ಟ್ರೇಲರಲ್ಲಿ ಲ್ಯಾಂಪಿನ ಒಳಗೇ ಕಣಜ ಗೂಡು ಕಟ್ಟಿತ್ತು. ಅಲ್ಲಿಯವರು ಸುಗ್ಗಿಗೆ ಮೊದಲ ಹೇರು ತುಂಬೋ ಹಿಂದಿನ ದಿನವೇ ಹಗಲಲ್ಲಿ ಪರೀಕ್ಷೆ ಮಾಡಿಕೊಳ್ಳಬೇಕು. ತುಂಬಿದ ಮೇಲೆ, ಅದೂ ಕತ್ತಲಲ್ಲಿ, ಯಾರೂ ಟ್ರೇಲರ್ ಕೆಳಗೆ ನುಗ್ಗಲ್ಲ.

ಎಲ್‌ಇಡಿ ಹಾಕಲಾ ಅಂತ ಕೇಳೋರಿದ್ದಾರೆ. ಧಾರಾಳವಾಗಿ ಹಾಕಿ. ಕರೆಂಟ್ ಕಮ್ಮಿ ಸಾಕು, ಕುಲುಕಾಟಕ್ಕೆ ಫಿಲಮೆಂಟ್ ಕಿತ್ತು ಹೋಗೋ ರಗಳೆ ಇಲ್ಲ. ಆದರೆ ಹಳೇ ಫ್ಲಾಷರಿಗೆ ಆ ಕಮ್ಮಿ ಲೋಡು ಹೊಂದದೆ ಇಂಡಿಕೇಟರಿನ ಲಯ ಕೆಡುತ್ತೆ. ಆಗ ಎಲ್‌ಇಡಿಗೆ ಹೊಂದೋ ಎಲೆಕ್ಟ್ರಾನಿಕ್ ಫ್ಲಾಷರ್ ಬದಲಿಸಬೇಕು. ಇನ್ನು ರಸ್ತೆಗೆ ಹೋಗುವಾಗ ಎರಡು ಬ್ರೇಕ್ ಪೆಡಲನ್ನೂ ಕೊಂಡಿ ಹಾಕಿ ಒಂದು ಮಾಡಿಕೊಳ್ಳಿ. ಹೊಲದ ಅಭ್ಯಾಸದಲ್ಲಿ ಒಂದೇ ಪೆಡಲ್ ತುಳಿದರೆ ಗಾಡಿ ಒಂದು ಕಡೆ ಎಳೆಯುತ್ತೆ, ಕೆಲವು ಗಾಡಿಯಲ್ಲಿ ಬ್ರೇಕ್ ಲೈಟೂ ಹತ್ತಲ್ಲ.

ಕಾನೂನಿನ ಮಾತು ಚುಟುಕಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಹುಟ್ಟೋಕೆ ಅರ್ಧ ಗಂಟೆ ಮುಂಚಿನವರೆಗೆ ರಸ್ತೆ ಮೇಲೆ ದೀಪ ಉರಿಯುತ್ತಿರಬೇಕು, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು, ವಿಮೆಯಲ್ಲೂ ಅದು ಸೇರಿರಬೇಕು. ಟ್ರ್ಯಾಕ್ಟರಿನ ವಿಮೆ ಐತಲ್ಲ ಅಂತ ನಾನೂ ಸುಮ್ಮನಿದ್ದೆ. ಆಸ್ಪತ್ರೆ ಖರ್ಚು ಕೈಯಿಂದ ಹೋದದ್ದು ಅದಕ್ಕೇ.

ರಿಫ್ಲೆಕ್ಟರಿಗೆ ವೈರೂ ಬೇಡ, ಬ್ಯಾಟರಿಯೂ ಬೇಡ. ಪಂಕ್ಚರ್ ಆಗಿ, ಡೀಸೆಲ್ ಮುಗಿದು ಗಾಡಿ ರಸ್ತೆ ಪಕ್ಕ ನಿಂತಾಗ ಉಳಿಯೋದು ಅದೊಂದೇ. ಕೆಂಪು ಟೇಪು ಹಚ್ಚುವ ಮೊದಲು ಜಾಗ ತೊಳೆದು ಒಣಗಿಸಿ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಏಳುತ್ತೆ. ಗಾಡಿ ಕೆಟ್ಟಾಗ ಸುತ್ತ ಇಟ್ಟ ಕಲ್ಲನ್ನ ಹೊರಡುವಾಗ ತೆಗೆದು ಹೋಗಿ ಮಾರಾಯ್ರೆ. ಜೋಳ ಒಣಹಾಕೋರಿಗೂ ಇದೇ ಮಾತು.

ಮೊನ್ನೆ ಆ ಹುಡುಗ ಮನೆಗೆ ಬಂದಿದ್ದ. ಕಾಲು ಕೂಡಿದೆ, ಸ್ವಲ್ಪ ಎಳೆದು ನಡೀತಾನೆ. ಅವರಪ್ಪನ ಟ್ರ್ಯಾಕ್ಟರ್, ಟ್ರೇಲರ್ ಎರಡನ್ನೂ ಹೊಡ್ಕೊಂಡು ಬಂದಿದ್ದ. "ಇದಕ್ಕೂ ನಿಮ್ಮ ಥರಾನೇ ಬಿಳಿ ವೈರು ಎಳೆದುಕೊಡಿ" ಅಂದ. ಕೊಂಡಿ ನೋಡಿದೆ. ಹೊಸದಾಗಿ ಕೆಂಪು ಪೇಂಟ್ ಬಳಿದಿತ್ತು.