ಬೆಲ್ಟ್ ಕೂಗಿದರೆ ಕಿವಿಗೊಡುವ ಮೇಸ್ತ್ರಿಗಳು

ಹೊಸದುರ್ಗದಿಂದ ಹುಳಿಯಾರಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ ಊರು ಶ್ರೀರಾಂಪುರ. ಸುತ್ತ ತೆಂಗು, ಅಡಿಕೆ, ರಾಗಿ ಹೊಲ. ಇಂಥ ಊರುಗಳಲ್ಲಿ ಸಂಸಾರದ ಓಡಾಟಕ್ಕೂ ಸಂತೆ ವ್ಯಾಪಾರಕ್ಕೂ ಆಗಿಬರುವುದು ಹತ್ತು ಹದಿನೈದು ವರ್ಷ ಓಡಿದ ಕಾರು, ಬೊಲೆರೊ, ಟಾಟಾ ಏಸ್ ಗಾಡಿಗಳೇ. ಕೆಟ್ಟರೆ ಮೊದಲು ನೆನಪಾಗುವುದು ರಸ್ತೆ ಬದಿಯ ಗ್ಯಾರೇಜು.

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಓಣಿಗೆಲ್ಲ ಕೇಳುವಂತೆ ಕಿರ್ರೆಂದು ಕಿರುಚಿ, ಎರಡು ನಿಮಿಷಕ್ಕೆ ಸುಮ್ಮನಾಗುವ ಸದ್ದು ಕಾರು ಇಟ್ಟವರಿಗೆಲ್ಲ ಗೊತ್ತು. ‘ಬೆಲ್ಟ್ ಕೂಗ್ತೈತೆ, ಹೊಸದು ಹಾಕ್ಬಿಡಣ್ಣ’ ಅನ್ನುವುದು ಮಾಲೀಕರ ಮಾಮೂಲು ಮಾತು. ಕಸುಬು ಬಲ್ಲ ಮೇಸ್ತ್ರಿ ಅಷ್ಟಕ್ಕೇ ಸ್ಪಾನರ್ ಎತ್ತುವುದಿಲ್ಲ. ‘ತಡಿ ಅಣ್ಣ, ಆಫ್ ಮಾಡ್ಬೇಡ. ಸ್ವಲ್ಪ ಕೇಳಾನ’ ಅನ್ನುತ್ತಾನೆ. ಈ ಕೇಳುವ ವಿದ್ಯೆಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕಿನ ದೊಡ್ಡ ಪುಲ್ಲಿ ತಿರುಗುತ್ತದೆ. ಬೆಲ್ಟು ಆ ತಿರುಗುವಿಕೆಯನ್ನು ಆಲ್ಟರ್ನೇಟರಿಗೆ, ಎಸಿ ಕಂಪ್ರೆಸರಿಗೆ, ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪಿಗೂ ಪವರ್ ಸ್ಟೀರಿಂಗ್ ಪಂಪಿಗೂ ಹಂಚುತ್ತದೆ. ಇವುಗಳಲ್ಲಿ ಆಲ್ಟರ್ನೇಟರಿನ ಪುಲ್ಲಿ ಬಲು ಚಿಕ್ಕದು. ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಅದು ಎರಡು ಮೂರು ಸುತ್ತು ಬಂದಿರುತ್ತದೆ. ಚಿಕ್ಕದಾದ್ದರಿಂದ ಬೆಲ್ಟಿಗೆ ಹಿಡಿತ ಸಿಗುವ ಜಾಗವೂ ಕಡಿಮೆ. ಬೆಳಗ್ಗೆ ಸ್ಟಾರ್ಟರ್ ಮೋಟರು ಬ್ಯಾಟರಿಯ ಶಕ್ತಿ ಹೀರಿಕೊಂಡಿರುತ್ತದೆ, ಅದನ್ನು ತುಂಬಿಸಲು ಆಲ್ಟರ್ನೇಟರಿನ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ. ಸಡಿಲವಾದ, ಇಲ್ಲವೇ ರಾತ್ರಿಯ ಇಬ್ಬನಿಗೆ ತೇವವಾದ ಬೆಲ್ಟು ಅಲ್ಲಿ ಜಾರಿ ಕಿರುಚುತ್ತದೆ. ಬ್ಯಾಟರಿ ಸ್ವಲ್ಪ ತುಂಬಿ, ಬೆಲ್ಟು ಬಿಸಿಯಾಗಿ ಒಣಗಿದ ಮೇಲೆ ಸದ್ದು ನಿಲ್ಲುತ್ತದೆ. ನಿಂತಿತೆಂದು ಮಾಲೀಕರು ಗ್ಯಾರೇಜಿಗೆ ಹೋಗುವುದನ್ನು ಮುಂದೂಡುತ್ತಾರೆ.

ಮೇಸ್ತ್ರಿ ಮೊದಲು ಗುರುತಿಸುವುದು ಸದ್ದಿನ ಜಾತಿಯನ್ನು. ಎಳೆದ ಕಿರುಚಾಟ, ಎಕ್ಸಲರೇಟರ್ ಒತ್ತಿದರೆ ಏರುವಂಥದ್ದು, ಎಸಿ ಹಾಕಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಜೋರಾಗುವಂಥದ್ದು ಜಾರುವಿಕೆಯ ಸದ್ದು. ಹಕ್ಕಿ ಚಿಂವ್ ಚಿಂವ್ ಅಂದಂತೆ ತಾಳಬದ್ಧವಾಗಿ, ಇಂಜಿನ್ ನಿಧಾನ ಓಡುವಾಗಲೇ ಚೆನ್ನಾಗಿ ಕೇಳುವಂಥದ್ದು ಬೇರೆ; ಯಾವುದೋ ಪುಲ್ಲಿ ಉಳಿದವುಗಳ ಸಾಲಿನಿಂದ ಒಂದೆರಡು ಮಿಲಿಮೀಟರ್ ಸರಿದಿದ್ದರೂ ಸಾಕು, ಬೆಲ್ಟು ಓರೆಯಾಗಿ ಪುಲ್ಲಿಯ ತೋಡಿಗೆ ಇಳಿದು ಹಾಗೆ ಕೂಗುತ್ತದೆ. ಬೆಲ್ಟ್ ಬಿಚ್ಚಿದ ಮೇಲೂ ಕೈಗೆ ಗರಗರ ಎನ್ನುವ ಒರಟು ತಗುಲಿದರೆ ಅದು ಬೇರಿಂಗು.

ಮೊದಲ ಎರಡನ್ನು ಬೇರ್ಪಡಿಸಲು ಗ್ಯಾರೇಜಿನಲ್ಲಿ ಒಂದು ಸುಲಭದ ಪರೀಕ್ಷೆಯುಂಟು. ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಇಂಜಿನ್ ಓಡುತ್ತಿರುವಾಗಲೇ ದೂರದಿಂದ ಬೆಲ್ಟಿನ ಒಳಮೈಗೆ, ಅಂದರೆ ಗೆರೆಗಳಿರುವ ಕಡೆಗೆ, ಒಂದಿಷ್ಟು ನೀರು ಚಿಮ್ಮಿಸುತ್ತಾರೆ. ಸದ್ದು ಒಂದು ಕ್ಷಣ ಅಡಗಿ, ನೀರು ಆರಿದಂತೆ ಮರಳಿ ಬಂದರೆ ದೋಷ ಪುಲ್ಲಿಗಳ ಸಾಲಿನಲ್ಲಿ. ನೀರು ಬಿದ್ದ ಕೂಡಲೇ ಕಿರುಚಾಟ ಇನ್ನೂ ಜೋರಾದರೆ ಬಿಗಿ ಸಾಲದು, ಇಲ್ಲವೇ ಬೆಲ್ಟ್ ಸವೆದಿದೆ. ಹಾಗೆ ಮಾಡುವಾಗ ಹೆಗಲ ಮೇಲಿನ ಟವೆಲ್, ತೋಳಿನ ಗುಂಡಿ, ಕೈಬಳೆ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು.

ಇನ್ನೂ ಅನುಮಾನ ಉಳಿದರೆ ಇಂಜಿನ್ ನಿಲ್ಲಿಸಿ ಬೆಲ್ಟನ್ನೇ ಬಿಚ್ಚುತ್ತಾರೆ, ಮತ್ತೆ ಕೆಲವೇ ಸೆಕೆಂಡು ಸ್ಟಾರ್ಟ್ ಮಾಡಿ ನೋಡುತ್ತಾರೆ. ಸದ್ದು ಮಾಯವಾದರೆ ತಪ್ಪಿತಸ್ಥ ಬೆಲ್ಟಿನ ದಾರಿಯಲ್ಲೇ ಇದ್ದಾನೆ. ಆಮೇಲಿನ ಕೆಲಸ ಬೆರಳಿನದು. ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡುತ್ತಾರೆ. ಒಳ್ಳೆಯ ಬೇರಿಂಗು ನುಣುಪಾಗಿ ತಿರುಗುತ್ತದೆ. ಹೋಗಿದ್ದರೆ ಬೆರಳ ತುದಿಗೆ ಮರಳು ತಾಕಿದ ಹಾಗಾಗುತ್ತದೆ. ವಾಟರ್ ಪಂಪಿನ ಶಾಫ್ಟ್ ಅಕ್ಕಪಕ್ಕ ಅಲ್ಲಾಡಿದರೆ ಹೊಸ ಬೆಲ್ಟ್ ಹಾಕಿ ಫಲವಿಲ್ಲ. ಪಂಪಿನಿಂದ ಒಸರಿದ ಕೂಲೆಂಟೋ, ಮೇಲಿನಿಂದ ಜಿನುಗಿದ ಆಯಿಲೋ ಬೆಲ್ಟಿಗೆ ತಾಗಿದ್ದರೆ ಮೊದಲು ಸೋರಿಕೆ ನಿಲ್ಲಬೇಕು. ಇಲ್ಲದಿದ್ದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಮಾರುತಿ 800ರಂಥ ಹಳೆಯ ಗಾಡಿಗಳಲ್ಲಿದ್ದುದು ‘ವಿ’ ಆಕಾರದ ಬೆಲ್ಟ್. 1917ರಲ್ಲಿ ಅಮೆರಿಕದ ಡೆನ್ವರಿನ ಜಾನ್ ಗೇಟ್ಸ್ ರೂಪಿಸಿದ ರಬ್ಬರ್ ಬೆಲ್ಟಿನ ವಂಶ ಅದು. ಅದರ ಹಿಡಿತವಿರುವುದು ತಳದಲ್ಲಲ್ಲ, ಓರೆಯಾದ ಎರಡು ಬದಿಗಳಲ್ಲಿ. ಬದಿಗಳು ಸವೆದು ಬೆಲ್ಟ್ ಪುಲ್ಲಿಯ ತೋಡಿನ ತಳ ಮುಟ್ಟಿದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಬದಿ ಕನ್ನಡಿಯಂತೆ ಹೊಳೆಯುತ್ತದೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳು ಒತ್ತಿ ಬಗ್ಗುವುದನ್ನು ನೋಡಿ, ಆಲ್ಟರ್ನೇಟರನ್ನು ಸರಿಸಿ ಬೋಲ್ಟ್ ಬಿಗಿ ಮಾಡುವ ಕೈಹದ ಅಲ್ಲಿ ಬೇಕಿತ್ತು. ಹದ ತಪ್ಪಿ ಅತಿ ಬಿಗಿಯಾದರೆ ಬೇರಿಂಗು ಹಾಳು. 1979ರ ಫೋರ್ಡ್ ಮಸ್ಟಾಂಗಿನಿಂದ ರೂಢಿಗೆ ಬಂದ, ಒಳಮೈಯಲ್ಲಿ ಗೆರೆಗಳಿರುವ ಅಗಲವಾದ ಒಂದೇ ಬೆಲ್ಟು ಈಗಿನ ಕಾರುಗಳಲ್ಲಿದೆ. ಎಷ್ಟೋ ಕಾರುಗಳಲ್ಲಿ ಅದನ್ನು ಬಿಗಿಯಾಗಿಡುವುದು ಸ್ಪ್ರಿಂಗಿನ ಟೆನ್ಷನರ್. ಹೀಗಾಗಿ ಈಗ ಬೆಲ್ಟಿನಷ್ಟೇ ಟೆನ್ಷನರಿನ ಮೇಲೂ ಅನುಮಾನ ಪಡಬೇಕು. ಹಳೆಯ ನಿಯೋಪ್ರೀನ್ ಬೆಲ್ಟಿನಲ್ಲಿ ಬಿರುಕು ಕಣ್ಣಿಗೇ ಕಾಣುತ್ತಿತ್ತು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟು ಬಿರುಕು ಬಿಡದೆ ಒಳಗೊಳಗೇ ಸವೆಯುತ್ತದೆ, ನೋಟಕ್ಕೆ ಹೊಸದರಂತೆ ಇದ್ದೇ ಇರುತ್ತದೆ.

ಸೋಪು ಸವರುವುದು, ಸ್ಪ್ರೇ ಹೊಡೆಯುವುದು ರಿಪೇರಿಯಲ್ಲ. ಸದ್ದು ನಾಲ್ಕು ದಿನ ಅಡಗುತ್ತದೆ, ಅಂಟಿಗೆ ಕೆಮ್ಮಣ್ಣಿನ ಧೂಳು ಮೆತ್ತಿಕೊಳ್ಳುತ್ತದೆ, ಜೊತೆಗೆ ದೋಷ ಪತ್ತೆ ಮಾಡುವ ಸುಳಿವೂ ಹೋಗುತ್ತದೆ. ಕಾರಣ ಹುಡುಕದೆ ಮೂರು ತಿಂಗಳಿಗೊಮ್ಮೆ ಬೆಲ್ಟ್ ಬದಲಿಸುವವನಿಗಿಂತ, ಅರ್ಧ ಗಂಟೆ ಕೇಳಿ ಮುಟ್ಟಿ ನೋಡಿ ಒಂದು ಪುಲ್ಲಿಯನ್ನು ಸರಿಪಡಿಸುವವನಿಗೆ ಹೆಚ್ಚು ಕೂಲಿ ಕೊಡುವುದು ನ್ಯಾಯ. ಆದರೆ ನಾವು ಬಿಲ್ಲಿನಲ್ಲಿ ಸಾಮಾನಿನ ಬೆಲೆಯನ್ನಷ್ಟೇ ಒಪ್ಪುತ್ತೇವೆ, ಪತ್ತೆ ಮಾಡಿದ ಹೊತ್ತಿಗೆ ಚೌಕಾಸಿ ಮಾಡುತ್ತೇವೆ.

ಬೆಲ್ಟ್ ದಾರಿಯಲ್ಲೇ ಹರಿದರೆ ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಕೆಲವು ಗಾಡಿಗಳಲ್ಲಿ ಸ್ಟೀರಿಂಗ್ ಭಾರವಾಗುತ್ತದೆ. ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುವ ಗಾಡಿಯಾದರೆ ಇಂಜಿನ್ ಬೇಗ ಕಾಯುತ್ತದೆ, ತಕ್ಷಣ ಪಕ್ಕಕ್ಕೆ ಹಾಕಿ ನಿಲ್ಲಿಸಲೇಬೇಕು. ಪಂಪು ಟೈಮಿಂಗ್ ಬೆಲ್ಟಿನಿಂದ ತಿರುಗುವ ಗಾಡಿಯಾದರೆ ಎಸಿ, ದೀಪ ಆರಿಸಿ, ಬ್ಯಾಟರಿಯ ಬಲದಲ್ಲಿ ಮುಂದಿನ ಊರು ಸೇರಿಕೊಳ್ಳಬಹುದು. ನಿಮ್ಮದು ಯಾವುದೆಂದು ಮುಂದಿನ ಸಲ ಬಾನೆಟ್ ಎತ್ತಿದಾಗ ಮೇಸ್ತ್ರಿಯನ್ನು ಕೇಳಿ, ಬೆರಳಿಟ್ಟು ತೋರಿಸುತ್ತಾರೆ.