ಊರು ಬರುವ ತನಕ ಹೊತ್ತು ಕಳೆಯುವ ಬಗೆ

ಬೆಂಗಳೂರಿನ ಕುಟುಂಬವೊಂದು ಬೆಳಗಿನ ಜಾವಕ್ಕೇ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟಿದೆ ಎಂದುಕೊಳ್ಳಿ. ನೆಲಮಂಗಲ ದಾಟುವ ಮೊದಲೇ ಹಿಂದಿನ ಸೀಟಿನಿಂದ ಪ್ರಶ್ನೆ ಬರುತ್ತದೆ: ‘ಅಪ್ಪಾ, ಇನ್ನೂ ಎಷ್ಟು ದೂರ?’ ಸುಮಾರು 300 ಕಿ.ಮೀ. ದಾರಿಯಲ್ಲಿ ಹತ್ತನೇ ಒಂದು ಪಾಲೂ ಮುಗಿದಿರುವುದಿಲ್ಲ. ಈ ಪ್ರಶ್ನೆಗೆ ಈಗ ಸಿಗುವ ಸುಲಭದ ಉತ್ತರ, ಮಗುವಿನ ಕೈಗೊಂದು ಮೊಬೈಲ್ ಕೊಟ್ಟುಬಿಡುವುದು. ಆದರೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದೇ ಮಗು ವಾಂತಿ ಮಾಡಿಕೊಂಡಾಗ ಆ ಉತ್ತರ ಅಷ್ಟು ಸುಲಭದ್ದಾಗಿರಲಿಲ್ಲ ಎಂದು ತಿಳಿಯುತ್ತದೆ.

ದೂರದ ದಾರಿಯ ಬೇಸರ ಮೋಟಾರಿನೊಂದಿಗೆ ಹುಟ್ಟಿದ್ದಲ್ಲ. ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿ.ಮೀ. ಸಾಗಿದರೆ ಹೆಚ್ಚು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತಿದ್ದವು. ಕೆಲವರು ಇಂದಿಗೂ ಹಾಗೆಯೇ ಹೋಗುತ್ತಾರೆ. ದಾರಿಯುದ್ದಕ್ಕೂ ದೇವಿಯ ಹಾಡು, ಕಥೆ, ಒಗಟು. ಒಂದು ಗಾಡಿಯವರು ಹಾಡು ಎತ್ತಿದರೆ ಹಿಂದಿನ ಗಾಡಿಯವರು ದನಿಗೂಡಿಸುತ್ತಿದ್ದರು. ಎತ್ತುಗಳಿಗೆ ದಾರಿ ಗೊತ್ತಿದ್ದರೆ ಗಾಡಿ ಹೊಡೆಯುವವನು ಒಂದಿಷ್ಟು ತೂಕಡಿಸಿದರೂ ನಡೆಯುತ್ತಿತ್ತು. ಮೋಟಾರಿಗೆ ಆ ಗುಣವಿಲ್ಲ.

ಮೆಟಾಡೋರ್ ವ್ಯಾನುಗಳಲ್ಲಿ ಇಡೀ ಬಳಗವೇ ತುಂಬಿಕೊಂಡು ಪ್ರವಾಸ ಹೊರಡುತ್ತಿದ್ದ ಕಾಲದಲ್ಲಿ ಚಕ್ಕಡಿಯ ಹಾಡಿನ ಜಾಗಕ್ಕೆ ಅಂತ್ಯಾಕ್ಷರಿ ಬಂತು. ಒಬ್ಬರ ಹಾಡು ಯಾವ ಅಕ್ಷರದಲ್ಲಿ ಮುಗಿಯುತ್ತದೋ ಅದೇ ಅಕ್ಷರದಿಂದ ಮುಂದಿನವರು ಶುರುಮಾಡಬೇಕು. 1993ರಲ್ಲಿ ಜೀ ಟಿ.ವಿ. ಇದನ್ನು ಕಾರ್ಯಕ್ರಮವಾಗಿಸಿ ದೇಶಕ್ಕೆಲ್ಲ ತೋರಿಸಿತಾದರೂ ಮನೆಮಂದಿಗೆ ಇದು ಮೊದಲೇ ಪರಿಚಿತವಾಗಿತ್ತು.

ಕನ್ನಡದಲ್ಲಿ ಈ ಆಟಕ್ಕೆ ಒಂದು ವಿಶೇಷ ತೊಡಕಿದೆ. ಅವಳು, ಬಂದಳು, ಹೂಗಳು ಎಂದು ನಮ್ಮ ಎಷ್ಟೋ ಪದಗಳು ‘ಳ’ಕಾರದಲ್ಲಿ ಮುಗಿಯುತ್ತವೆ. ಕಣ್ಣು, ಮಣ್ಣು, ಹಣ್ಣು ಎಂದರೆ ‘ಣ’ಕಾರ. ಈ ಎರಡು ಅಕ್ಷರಗಳಿಂದ ಶುರುವಾಗುವ ಪದ ಹುಡುಕಿದರೂ ಸಿಗುವುದು ಕಷ್ಟ. ಆದ್ದರಿಂದ ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’ ಎಂಬ ಒಪ್ಪಂದ ಹೊರಡುವ ಮೊದಲೇ ಆಗಬೇಕು. ಆಗದಿದ್ದರೆ ಜಗಳ ಖಾತ್ರಿ. ಆ ಜಗಳದಲ್ಲೂ ಹತ್ತಿಪ್ಪತ್ತು ಕಿ.ಮೀ. ಕಳೆಯುತ್ತದೆ ಎಂಬುದು ಬೇರೆ ಮಾತು. ಅಜ್ಜಿ ದೇವರನಾಮ ಹಾಡಿದರೆ ಚಿಕ್ಕಪ್ಪ ರಾಜಕುಮಾರರ ಚಿತ್ರಗೀತೆ ತೆಗೆಯುತ್ತಾನೆ. ಮಗು ಶಾಲೆಯ ಪದ್ಯ ಒಪ್ಪಿಸುತ್ತದೆ. ಮೂರು ತಲೆಮಾರು ಸಮನಾಗಿ ಸ್ಪರ್ಧಿಸಬಲ್ಲ ಆಟಗಳು ಹೆಚ್ಚಿಲ್ಲ.

ಮುಂದೆ ವಾಹನಗಳಿಗೆ ಟೇಪ್‌ರೆಕಾರ್ಡರ್ ಬಂತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ ನಮ್ಮಲ್ಲಿ ಮನೆಮಾತಾದದ್ದು ಎಂಬತ್ತರ ದಶಕದಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದದ್ದು 1978ರಲ್ಲಿ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕವೂ ಕ್ಯಾಸೆಟ್ ರೂಪದಲ್ಲಿ ಊರೂರು ಸುತ್ತಿತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ಮಕ್ಕಳದು. ಯಾರ ಕ್ಯಾಸೆಟ್ ಮೊದಲು ಎಂಬ ಚರ್ಚೆಯೂ ಇರುತ್ತಿತ್ತು. ಆದರೆ ಒಮ್ಮೆ ಹಾಕಿದ ಮೇಲೆ ಎಲ್ಲರೂ ಅದನ್ನೇ ಕೇಳಬೇಕು, ಒಂದೇ ಮಾತಿಗೆ ಒಟ್ಟಿಗೆ ನಗಬೇಕು.

ಇದು ಬದಲಾದದ್ದು ಕಿವಿಗೆ ಹಾಕಿಕೊಳ್ಳುವ ಸಾಧನದಿಂದ. 1979ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ವಾಕ್‌ಮನ್‌ಗೆ ಇಬ್ಬರು ಕೇಳಲು ಅನುಕೂಲವಾಗುವಂತೆ ಎರಡು ಹೆಡ್‌ಫೋನ್ ಸಿಕ್ಕಿಸುವ ಜಾಗವಿತ್ತು. ಒಬ್ಬರೇ ಕೇಳುತ್ತ ಕೂರುವುದು ಪಕ್ಕದವರಿಗೆ ಅಗೌರವವೆನಿಸೀತು ಎಂಬ ಅಳುಕು ತಯಾರಕರಿಗೆ! ಆ ಅಳುಕು ಬಹಳ ದಿನ ಉಳಿಯಲಿಲ್ಲ. ನಂತರದ ಮಾದರಿಗಳಲ್ಲಿ ಒಂದೇ ಜಾಗ ಉಳಿಯಿತು. ಇಂದಿನ ಮೊಬೈಲ್ ಅದೇ ದಾರಿಯಲ್ಲಿ ಮುಂದೆ ಹೋಗಿದೆ. ಐದು ಮಂದಿ ಕೂತ ಕಾರಿನಲ್ಲಿ ಚಾಲಕನೊಬ್ಬನನ್ನು ಬಿಟ್ಟು ನಾಲ್ವರು ನಾಲ್ಕು ಲೋಕಗಳಲ್ಲಿರುತ್ತಾರೆ.

ಹಾಗಿದ್ದರೇನು ತೊಂದರೆ? ಮೊದಲನೆಯದು ಆರೋಗ್ಯದ್ದು. ದೇಹದ ಸಮತೋಲ ಕಾಯುವ ಅಂಗ ಒಳಕಿವಿಯಲ್ಲಿದೆ. ವಾಹನ ತಿರುಗಿದಾಗ, ಕುಲುಕಿದಾಗ ಅದು ‘ನಾವು ಚಲಿಸುತ್ತಿದ್ದೇವೆ’ ಎಂದು ಮೆದುಳಿಗೆ ವರದಿ ಮಾಡುತ್ತದೆ. ಪುಸ್ತಕದಲ್ಲೋ ಪರದೆಯಲ್ಲೋ ನೆಟ್ಟ ಕಣ್ಣು ‘ಎಲ್ಲವೂ ನಿಂತೇ ಇದೆ’ ಎನ್ನುತ್ತದೆ. ಈ ಎರಡು ವರದಿಗಳು ತಾಳೆಯಾಗದಿದ್ದಾಗ ತಲೆಸುತ್ತು, ವಾಕರಿಕೆ ಕಾಣಿಸಿಕೊಳ್ಳುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಬಾಧೆ ಅಪರೂಪ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಹೆಚ್ಚು. ರಸ್ತೆಯನ್ನೇ ನೋಡುತ್ತಿರುವ ಚಾಲಕನಿಗೆ ಇದು ಬಹುಮಟ್ಟಿಗೆ ಬರುವುದಿಲ್ಲ. ಆದ್ದರಿಂದಲೇ ದೂರದ ಬೆಟ್ಟವನ್ನೋ ಮುಂದಿನ ರಸ್ತೆಯನ್ನೋ ನೋಡು ಎಂದು ಹಿರಿಯರು ಹೇಳುವುದು.

ಹಳೆಯ ಆಟಗಳು ಮಾಡುತ್ತಿದ್ದುದೂ ಇದನ್ನೇ. ಎದುರು ಬರುವ ಲಾರಿಯ ನಂಬರು ಕೂಡಿಸು, ಬಂದ ಮೊತ್ತ ಸರಿಯೋ ಬೆಸವೋ ಹೇಳು. ‘ಕೆಎ 19’ ಎಂದರೆ ಮಂಗಳೂರು, ‘ಕೆಎ 25’ ಎಂದರೆ ಧಾರವಾಡ. ‘ಕೆಎ 14’ ಯಾವ ಊರಿನದು? ಹಳದಿ ತಲೆಯ ಮೈಲಿಗಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು; ಬಣ್ಣ ಬದಲಾದೊಡನೆ ಮೊದಲು ಕೂಗಿದವರಿಗೆ ಒಂದು ಅಂಕ. ಆಗುಂಬೆ ಘಾಟಿಯಲ್ಲಾದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ತಪ್ಪದೆ ಎಣಿಸಬೇಕು. ಇವೆಲ್ಲಕ್ಕೂ ಕಣ್ಣು ಕಿಟಕಿಯಾಚೆಯೇ ಇರಬೇಕು.

ನೋಡಲು ರಸ್ತೆಯಲ್ಲೂ ಏನಾದರೂ ಇರಬೇಕಲ್ಲ? ಹಳೆಯ ಬೆಂಗಳೂರು–ಮೈಸೂರು ರಸ್ತೆ ಇದಕ್ಕೆ ಒಳ್ಳೆಯ ಉದಾಹರಣೆ. ಬಿಡದಿಯ ತಟ್ಟೆ ಇಡ್ಲಿ, ‘ಶೋಲೆ’ ಚಿತ್ರೀಕರಣ ನಡೆದ ರಾಮನಗರದ ಬಂಡೆಗಳು, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಮಂಡ್ಯದ ಕಬ್ಬು, ಶ್ರೀರಂಗಪಟ್ಟಣದ ಕಾವೇರಿ ಎಂದು ದಾರಿಯೇ ಮಕ್ಕಳಿಗೆ ಪಾಠ ಹೇಳುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಈ ಊರುಗಳ ಹೊರಗಿನಿಂದಲೇ ಸಾಗುತ್ತದೆ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿದಿರುವುದು ನಿಜವಾದ ಲಾಭ. ಊರುಗಳು ಮಾತ್ರ ಹಸಿರು ಫಲಕದ ಮೇಲಿನ ಹೆಸರುಗಳಾಗಿ ಸರಿದುಹೋಗುತ್ತವೆ.

ಎರಡನೆಯ ತೊಂದರೆ ಚಾಲಕನದು. ನೇರವಾದ, ಏಕತಾನದ ರಸ್ತೆ ಜೋಂಪು ಹತ್ತಿಸುತ್ತದೆ. ಎಲ್ಲರೂ ಮೌನವಾಗಿ ಪರದೆ ನೋಡುತ್ತಿದ್ದರೆ ಅವನು ತೂಕಡಿಸಿದ್ದನ್ನು ಗಮನಿಸುವವರೇ ಇರುವುದಿಲ್ಲ. ಹಾಗೆಂದು ಆಟದ ಗಲಾಟೆಯೂ ಮಿತಿಮೀರಬಾರದು. ಚಾಲಕ ಬಾಯಿಯಿಂದ ಆಡಬಹುದೇ ಹೊರತು ಹಿಂದೆ ತಿರುಗಿ ನೋಡಬಾರದು. ಘಾಟಿ ರಸ್ತೆ, ಮಳೆ, ಕತ್ತಲು ಬಂದಾಗ ಆಟ ನಿಲ್ಲಬೇಕು. ನಿದ್ದೆ ಬಂದ ಚಾಲಕನಿಗೆ ಯಾವ ಹಾಡೂ ಮದ್ದಲ್ಲ. ವಾಹನ ನಿಲ್ಲಿಸಿ ವಿಶ್ರಾಂತಿ ಪಡೆಯುವುದೊಂದೇ ದಾರಿ. ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸುವುದು ಎಲ್ಲರಿಗೂ ಒಳ್ಳೆಯದು.

ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಇಂದು ಆಗದ ಮಾತು. ದಾರಿ ತೋರಿಸುವುದೂ ಅದೇ, ಎಲ್ಲರಿಗೂ ಕೇಳುವಂತೆ ಹಳೆಯ ನಾಟಕ ನುಡಿಸುವುದೂ ಅದೇ. ಅದನ್ನು ಒಬ್ಬರ ಕಣ್ಣಿಗೆ ಕೊಡುವ ಬದಲು ಎಲ್ಲರ ಕಿವಿಗೆ ಕೊಟ್ಟರೆ ಪ್ರಯಾಣ ಅರ್ಧ ಹಗುರಾಗುತ್ತದೆ. ಇನ್ನು ‘ಎಷ್ಟು ದೂರ?’ ಎಂದು ಕೇಳುವ ಮಗುವನ್ನು ಕಿಟಕಿಯ ಪಕ್ಕ ಕೂರಿಸಿ, ಮುಂದಿನ ಮೈಲಿಗಲ್ಲು ಓದಿ ಎಲ್ಲರಿಗೂ ತಿಳಿಸುವ ಕೆಲಸವನ್ನು ಅದಕ್ಕೇ ವಹಿಸಬಹುದು.